ಪೋರ್ಚುಗೀಸ್ ಕೋಟೆಗಳು, ಕನ್ನಡ ಕರಾವಳಿಯ

ಕಾರವಾರದ ಎದುರಿನ ಅಂಜದೀವ ದ್ವೀಪ, ಶರಾವತಿಯ ಅಳಿವೆಯ ಹೊನ್ನಾವರ, ಕುಂದಾಪುರದ ಆಸುಪಾಸಿನ ಬಸರೂರು ಮತ್ತು ಗಂಗೊಳ್ಳಿ, ನೇತ್ರಾವತಿ ಕಡಲು ಸೇರುವಲ್ಲಿನ ಮಂಗಳೂರು: ಈ ಐದು ಕಡೆ 16 ಮತ್ತು 17ನೆಯ ಶತಮಾನಗಳಲ್ಲಿ ಪೋರ್ಚುಗೀಸರು ಕಟ್ಟಿದ, ಇಲ್ಲವೇ ಹಿಡಿದು ಬಲಪಡಿಸಿಕೊಂಡ ಕೋಟೆಗಳು ಇದ್ದವು. ಇಂದು ಅವುಗಳಲ್ಲಿ ಒಂದೂ ಇಡಿಯಾಗಿ ಉಳಿದಿಲ್ಲ. ಇವುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕಡಲಿನ ಕಡೆಯಿಂದಲೇ ಹೇಳುತ್ತಾರೆ. ವಾಸ್ಕೊ ಡ ಗಾಮ ಬಂದ, ಮೆಣಸು ಕಂಡ, ಹಡಗಿನ ಫಿರಂಗಿಯ ಬಲದಿಂದ ದಡ ಹಿಡಿದ, ಕೋಟೆ ಕಟ್ಟಿದ ಎನ್ನುವ ಕ್ರಮದಲ್ಲಿ ಕತೆ ಸಾಗುತ್ತದೆ. ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಈ ಕ್ರಮ ನಿಲ್ಲುವುದಿಲ್ಲ. 1505ರಲ್ಲಿ ಎದ್ದ ಅಂಜದೀವದ ಕೋಟೆ ಎರಡು ವರ್ಷ ತುಂಬುವ ಮೊದಲೇ ಇಲ್ಲವಾಯಿತು. ಆಮೇಲೆ ಅರವತ್ತು ವರ್ಷ ಗೋವೆಯಿಂದ ಕಣ್ಣೂರಿನವರೆಗಿನ ದಡದಲ್ಲಿ ಪೋರ್ಚುಗೀಸರು ನೆಲೆಯೂರಿದ ಕೋಟೆಯೇ ಇಲ್ಲ. 1568 ಮತ್ತು 1569ರಲ್ಲಿ ಒಮ್ಮೆಲೇ ಮೂರು ಕೋಟೆಗಳು ಅವರ ಕೈಗೆ ಬಂದವು. 1650ರ ದಶಕದ ಮೊದಲ ವರ್ಷಗಳಲ್ಲಿ ದಡದ ಕೋಟೆಗಳೆಲ್ಲ ಒಟ್ಟಿಗೇ ಹೋದವು. ಈ ಏರಿಳಿತಕ್ಕೆ ಕಾರಣವನ್ನು ಘಟ್ಟದ ಮೇಲೆ ಹುಡುಕಬೇಕು: ಮೊದಲು ತುಂಗಭದ್ರೆಯ ದಂಡೆಯ ಹಂಪಿಯಲ್ಲಿ, ಆಮೇಲೆ ಕೆಳದಿ ಅರಸರು ಆಳಿದ ಮಲೆನಾಡಿನ ಇಕ್ಕೇರಿ ಮತ್ತು ಬಿದನೂರಿನಲ್ಲಿ.

ಅಂಜದೀವದಿಂದ ಆರಂಭಿಸುವುದು ಸರಿ, ಏಕೆಂದರೆ ಈ ವಾದಕ್ಕೆ ಮೊದಲ ಅಡ್ಡಿಯೂ ಅದೇ. ಬಿಣಗಾ ಊರಿನ ಎದುರು ಕಡಲಿನಲ್ಲಿ ಉದ್ದಕ್ಕೆ ಮಲಗಿದ ಈ ಕಿರಿದಾದ ದ್ವೀಪದಲ್ಲಿ ಸಿಹಿನೀರಿದೆ, ಮುಂಗಾರಿನ ಗಾಳಿಗೆ ಬೆನ್ನು ಕೊಟ್ಟು ಹಡಗು ನಿಲ್ಲಿಸುವ ಮರೆಯಿದೆ. 1498ರ ಸೆಪ್ಟೆಂಬರಿನಲ್ಲಿ ಊರಿಗೆ ಹಿಂದಿರುಗುತ್ತಿದ್ದ ಗಾಮನ ಹಡಗುಗಳು ಇಲ್ಲಿ ತಂಗಿ, ತಳ ಕೆರೆದು ಶುಚಿ ಮಾಡಿಕೊಂಡು, ನೀರು ತುಂಬಿಕೊಂಡು ಹೋದವು. ಆ ಯಾನದ ದಿನಚರಿ ಬರೆದವನು ದ್ವೀಪದಲ್ಲಿ ಹಾಳುಬಿದ್ದ ಕಲ್ಲಿನ ಕಟ್ಟಡವೊಂದನ್ನು ಕಂಡಿದ್ದಾನೆ. ಅದರಲ್ಲಿ ಉಳಿದಿದ್ದ ಒಂದು ಗುಡಿಗೆ ಹುಲ್ಲಿನ ಹೊದಿಕೆ, ಒಳಗೆ ಪೂಜೆಗೊಳ್ಳುತ್ತಿದ್ದ ಮೂರು ಕರಿಕಲ್ಲು, ಹತ್ತಿರದಲ್ಲೇ ಕೆತ್ತಿದ ಕಲ್ಲಿನಿಂದ ಕಟ್ಟಿದ ಕೆರೆ, ಗುಡ್ಡದ ನೆತ್ತಿಯಲ್ಲಿ ಇನ್ನೊಂದು ಆಳವಾದ ಕೆರೆ. ಎಂದರೆ ಪೋರ್ಚುಗೀಸರು ಬರುವ ಮೊದಲೇ ಅಲ್ಲಿ ಕಟ್ಟಿದವರಿದ್ದರು, ಕೆಡವಿದವರಿದ್ದರು, ಕೆಡವಿದ ಮೇಲೂ ಪೂಜೆ ಬಿಡದವರಿದ್ದರು. 1505ರ ಸೆಪ್ಟೆಂಬರಿನಲ್ಲಿ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿ, ಸಣ್ಣ ಕಾವಲು ಪಡೆಯನ್ನು ಬಿಟ್ಟು ದಕ್ಷಿಣಕ್ಕೆ ಹೋದ. ಮರುವರ್ಷವೇ ಗೋವೆಯ ಕಡೆಯಿಂದ ಬಿಜಾಪುರದ ದೋಣಿಗಳು ಬಂದು ಮುತ್ತಿದವು. ಮುತ್ತಿಗೆ ಸೋತಿತು, ಆದರೂ ಪೋರ್ಚುಗೀಸರು ತಾವೇ ಕೋಟೆಯನ್ನು ಕೆಡವಿ ಹೊರಟುಬಿಟ್ಟರು. ಕಾವಲಿನ ಖರ್ಚು, ಮಳೆಗಾಲದಲ್ಲಿ ಹೊರಗಿನ ನೆರವು ತಲುಪದಿರುವುದು, ವ್ಯಾಪಾರವೇ ಇಲ್ಲದ ಜಾಗ: ಇವೆಲ್ಲ ಲೆಕ್ಕಕ್ಕೆ ಬಂದವು.

ವಿಜಯನಗರ ಬಲವಾಗಿದ್ದಾಗಲೇ ಈ ಕೋಟೆ ಎದ್ದಿತಲ್ಲ ಎಂಬುದು ಆ ಅಡ್ಡಿ. ಅಂಜದೀವದ ಫಿರಂಗಿ ಯಾರ ಕಡೆ ಮುಖ ಮಾಡಿತ್ತು ಎಂದು ಕೇಳಿದರೆ ಅಡ್ಡಿ ಸಡಿಲವಾಗುತ್ತದೆ. ಹತ್ತಿರದ ಕಾಳಿ ನದಿಯ ಅಳಿವೆಯಲ್ಲಿದ್ದ ಚಿತ್ತಾಕುಲದ ಕೋಟೆ ಬಿಜಾಪುರದ್ದು. ಗೋವೆಯೂ ಆಗ ಬಿಜಾಪುರದ್ದೇ. ದ್ವೀಪದ ಕೋಟೆ ಆ ಗಡಿಯ ಮೇಲಿನ ಕಾವಲು. ವಿಜಯನಗರಕ್ಕೆ ಅದರಿಂದ ಬೇಸರವಾಗಿದ್ದರೆ ಅದೇ ವರ್ಷ ಅದರ ರಾಯಭಾರಿಗಳು ಕಣ್ಣೂರಿಗೆ ಹೋಗಿ ಅಲ್ಮೇಡನೊಡನೆ ಸ್ನೇಹದ ಮಾತಾಡುತ್ತಿರಲಿಲ್ಲ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವೆಯನ್ನೇ ಹಿಡಿದ ಮೇಲೆ ಅಂಜದೀವದ ಕೆಲಸ ಮುಗಿದಂತಾಯಿತು. ಗೋವೆ ಹಿಡಿಯುವುದಕ್ಕೆ ಅವನಿಗೆ ದಾರಿ ತೋರಿಸಿದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸ್ ಬರಹಗಳಲ್ಲಿ ತಿಮೋಜನಾಗಿ ಕಾಣುವ ಈ ಹಡಗಿನ ದಳವಾಯಿಯ ಹಡಗುಗಳನ್ನು ಅಲ್ಮೇಡ ಐದು ವರ್ಷದ ಹಿಂದಷ್ಟೇ ಸುಟ್ಟಿದ್ದ. ಕರಾವಳಿಯ ರಾಜಕಾರಣದಲ್ಲಿ ಹಗೆ ಹೆಚ್ಚು ದಿನ ಬಾಳುತ್ತಿರಲಿಲ್ಲ.

1510ರಿಂದ 1565ರವರೆಗಿನ ಕಾಲವೇ ಈ ವಾದದ ಹುರುಳು. ಆ ಅವಧಿಯಲ್ಲಿ ಅಂಕೋಲಾ, ಮಿರ್ಜಾನ, ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರು ಎಲ್ಲವೂ ಸ್ಥಳೀಯ ಅರಸರ ಕೈಯಲ್ಲಿದ್ದು, ಮೇಲೊಡೆತನ ಹಂಪಿಯದಾಗಿತ್ತು. ಹಂಪಿಗೆ ಕಡಲಿನಿಂದ ಬೇಕಾದದ್ದರಲ್ಲಿ ಮೊದಲನೆಯದು ಕುದುರೆ. ದಖ್ಖನಿನ ಹವೆಗೆ ಒಳ್ಳೆಯ ಯುದ್ಧದ ಕುದುರೆ ಬೆಳೆಯುವುದಿಲ್ಲ. ಅದು ಹೊರ್ಮುಜ್‌ನಿಂದ ಹಡಗಿನಲ್ಲಿ ಬರಬೇಕು. ಕೃಷ್ಣದೇವರಾಯ ಹೊರ್ಮುಜ್‌ನವೂ ನಾಡಿನವೂ ಸೇರಿ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು 1530ರ ದಶಕದಲ್ಲಿ ಹಂಪಿಯಲ್ಲಿದ್ದ ಪೋರ್ಚುಗೀಸ ನೂನಿಜ್ ಬರೆದಿದ್ದಾನೆ. ಸ್ವತಃ ಕುದುರೆ ವ್ಯಾಪಾರಿಯಾದ ಅವನ ಲೆಕ್ಕವನ್ನು ಒಂದಿಷ್ಟು ತಗ್ಗಿಸಿಕೊಂಡೇ ಓದಬೇಕು. ಆದರೆ ಸಾಳುವ ನರಸಿಂಹನ ಬಗ್ಗೆ ಅವನು ಹೇಳುವ ಸಂಗತಿ ಕಟ್ಟುಕತೆಯಂತೆ ಕಂಡರೂ ವ್ಯಾಪಾರದ ತರ್ಕಕ್ಕೆ ಹೊಂದುತ್ತದೆ: ದಾರಿಯಲ್ಲಿ ಸತ್ತ ಕುದುರೆಗೂ ಅರಸ ಹಣ ಕೊಡುತ್ತಿದ್ದ, ಕಡಲಿನಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೆ ಸಾಕಾಗಿತ್ತು. ಹಡಗಿನವನ ನಷ್ಟದ ಭಯವನ್ನು ಕೊಳ್ಳುವವನೇ ಹೊತ್ತುಕೊಂಡ ವ್ಯವಸ್ಥೆ ಇದು. ಹಜಾರರಾಮ ಗುಡಿಯ ಹೊರಗೋಡೆಯ ಸಾಲುಗಳಲ್ಲಿ, ವಿಠ್ಠಲ ದೇವಾಲಯದ ಜಗತಿಯ ಮೇಲೆ, ಕುದುರೆಯ ಬಾಯಿದಾರ ಹಿಡಿದು ಬರುವ ಪರದೇಶಿಗಳನ್ನು ಶಿಲ್ಪಿಗಳು ಮತ್ತೆ ಮತ್ತೆ ಕಡೆದಿರುವುದೂ ಸುಮ್ಮನೆ ಅಲ್ಲ. ಭಟ್ಕಳದಿಂದ ಘಟ್ಟ ಹತ್ತುವ ಹೇರೆತ್ತುಗಳ ದೊಡ್ಡ ಸಾಲುಗಳನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬಣ್ಣಿಸುತ್ತಾನೆ. ಇಷ್ಟು ದೊಡ್ಡ ಗಿರಾಕಿ ಘಟ್ಟದ ಮೇಲಿರುವಾಗ ಅವನ ಬಂದರಿನಲ್ಲಿ ಅವನ ಇಷ್ಟಕ್ಕೆ ವಿರುದ್ಧವಾಗಿ ಕೋಟೆ ಕಟ್ಟುವುದು ಗೋವೆಗೆ ಲಾಭದ ಮಾತಾಗಿರಲಿಲ್ಲ.

ಹೊಸಪೇಟೆಯ ಕೆರೆ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ನಾಗಲಾಪುರವೆಂಬ ಹೊಸ ಊರಿಗೆ ನೀರು ಒದಗಿಸಲು ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ಕೆರೆ ಕಟ್ಟಿಸುವಾಗ ಗೋವೆಯ ಗವರ್ನರನಿಂದ ಕಲ್ಲುಕೆಲಸದ ನುರಿತ ಆಳನ್ನು ಕರೆಸಿಕೊಂಡನೆಂದು ನೂನಿಜ್ ಹೇಳುತ್ತಾನೆ. ಆ ಆಳಿನ ಹೆಸರು ಜೊವಾಂವ್ ಡೆಲ್ಲ ಪೊಂತೆ. ಹದಿನೈದು ಇಪ್ಪತ್ತು ಸಾವಿರ ಆಳು ಅಲ್ಲಿ ಕೆಲಸ ಮಾಡುವುದನ್ನು ಪಾಯೆಸ್ ಕಂಡಿದ್ದ. ಸಂಡೂರಿನ ಬೆಟ್ಟಸಾಲು ಹೊಸಪೇಟೆಯ ಬಯಲಿಗೆ ಇಳಿಯುವ ಕಡೆಯ ಏರಿಯೇ ಆ ಕಟ್ಟೆಯೆಂದು ಚರಿತ್ರಕಾರ ರಾಬರ್ಟ್ ಸೀವೆಲ್ ಗುರುತಿಸಿದ. 1520ರ ರಾಯಚೂರು ಕದನದಲ್ಲಿ ಕ್ರಿಸ್ಟೊವಾಂವ್ ಡ ಫಿಗೇರೇದೊ ಎಂಬಾತ ತನ್ನ ಬಂದೂಕಿನವರೊಂದಿಗೆ ರಾಯನ ಪರ ನಿಂತದ್ದು ಪ್ರಸಿದ್ಧ. ಕಲ್ಲು ಕಟ್ಟುವ ವಿದ್ಯೆಯೂ ಕೋಟೆ ಒಡೆಯುವ ವಿದ್ಯೆಯೂ ಆ ಕಾಲದಲ್ಲಿ ಗೋವೆಯಿಂದ ಹಂಪಿಗೆ ಬಾಡಿಗೆಗೆ ಬಂದವು. ಅದೇ ವಿದ್ಯೆ ಕರಾವಳಿಯಲ್ಲಿ ಹಂಪಿಯ ವಿರುದ್ಧ ನಿಲ್ಲಲಿಲ್ಲ.

1547ರ ಸೆಪ್ಟೆಂಬರಿನಲ್ಲಿ ಗವರ್ನರ್ ಜೊವಾಂವ್ ಡ ಕಾಸ್ಟ್ರೊ ವಿಜಯನಗರದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಈ ಕೊಡುಕೊಳ್ಳುವಿಕೆ ಬರಹಕ್ಕಿಳಿಯಿತು. ಗೋವೆಗೆ ಬರುವ ಕುದುರೆ ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೆ ಹೋಗಬೇಕು. ವಿಜಯನಗರದ ಬಟ್ಟೆ ಅಂಕೋಲಾ ಇಲ್ಲವೇ ಹೊನ್ನಾವರಕ್ಕೆ ಇಳಿದು ಬರಬೇಕು. ಬದಲಿಗೆ ತಾಮ್ರ, ಹವಳ, ಪಾದರಸ, ಚೀನದ ರೇಷ್ಮೆ ಸಿಗಬೇಕು. ನಾಡಿನ ಪೆಟ್ಲುಪ್ಪು ಮತ್ತು ಕಬ್ಬಿಣ ಬಿಜಾಪುರದ ಆದಿಲ್‌ಶಾಹಿ ಸೀಮೆಗೆ ದಾಟದೆ ವಿಜಯನಗರದ ಬಂದರುಗಳಿಗೇ ಬರಬೇಕು, ಅದನ್ನು ಗೋವೆ ಕೊಳ್ಳಬೇಕು. ಕೊನೆಯ ಷರತ್ತನ್ನು ಬಳ್ಳಾರಿ ಸೀಮೆಯ ಓದುಗರು ನಿಂತು ಓದಬೇಕು. ರಾಜಧಾನಿಯ ಬೆನ್ನಿಗೇ ಇರುವ ಸಂಡೂರಿನ ಬೆಟ್ಟಗಳು ಅದಿರಿನವು. ಹೊಸಪೇಟೆಯ ಜಂಬುನಾಥನ ಗುಡ್ಡದ ಅದಿರನ್ನು ಕಮಲಾಪುರದಲ್ಲಿ ಕರಗಿಸಿ ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆಗಳನ್ನು ಮಾಡುತ್ತಿದ್ದುದು ಬ್ರಿಟಿಷರ ಜಿಲ್ಲಾ ಗೆಜೆಟಿಯರಿನಲ್ಲೂ ದಾಖಲಾಗಿದೆ. ಸಂಡೂರಿನ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ 1977ರಲ್ಲಿ ಉತ್ಪಾದನೆ ಆರಂಭಿಸಿದ್ದು ಹೊಸ ಕಾಲದ ಯಂತ್ರಗಳಿಂದ. ಅಲ್ಲಿನ ಮಣ್ಣಿನ ಗುಣ ಹೊಸದಲ್ಲ. ಒಪ್ಪಂದದ ಕಬ್ಬಿಣ ಯಾವ ಗುಡ್ಡದ್ದೆಂದು ಅದರಲ್ಲಿ ಬರೆದಿಲ್ಲ, ಹಾಗಾಗಿ ಅದನ್ನು ಸಂಡೂರಿನದೇ ಎಂದು ಗಂಟು ಹಾಕುವುದು ಬೇಡ. ಇಷ್ಟಂತೂ ನಿಜ: ಆಗಲೂ ಒಳನಾಡಿನ ಕಬ್ಬಿಣ ಯಾವ ಬಂದರಿಗೆ ಇಳಿಯಬೇಕೆಂಬುದು ರಾಜಕಾರಣದ ಪ್ರಶ್ನೆಯಾಗಿತ್ತು. (2010ರಲ್ಲಿ ಮುಟ್ಟುಗೋಲು ಹಾಕಿದ ಬಳ್ಳಾರಿ ಅದಿರು ಕಾಣೆಯಾಗಿ ನಾಡಿನ ಸುದ್ದಿಯಾದ ಬೇಲೆಕೇರಿ ಬಂದರು ಇದೇ ಅಂಕೋಲಾ ತಾಲ್ಲೂಕಿನದು.)

ಇದನ್ನೆಲ್ಲ ಬರಿಯ ಸ್ನೇಹವೆಂದು ಕರೆದರೆ ತಪ್ಪಾದೀತು. 1542ರಲ್ಲಿ ಗವರ್ನರ್ ಮಾರ್ಟಿಂ ಅಫೊನ್ಸೊ ಡ ಸೋಜ ಭಟ್ಕಳವನ್ನು ಸುಟ್ಟ. 1558ರಲ್ಲಿ ವಿಜಯನಗರದ ರಾಮರಾಯ ಮೈಲಾಪುರದ ಪೋರ್ಚುಗೀಸ್ ನೆಲೆಯಾದ ಸಾಂತೊಮೆಯ ಮೇಲೆ ದಂಡೆತ್ತಿ ಹೋದ. ಹಂಪಿಯ ನೆರಳಿದ್ದಾಗಲೂ ಕತ್ತಿ ಒರೆಯಿಂದ ಹೊರಬರುತ್ತಿತ್ತು ಎಂದು ಆಕ್ಷೇಪಿಸುವವರಿಗೆ ಈ ಎರಡು ಘಟನೆಗಳೇ ಆಧಾರ. ಆದರೆ ಭಟ್ಕಳದಲ್ಲಿ ಆದದ್ದೇನು? ಸುಟ್ಟರು, ದೋಚಿದರು, ಹಡಗು ಹತ್ತಿದರು. ಅಲ್ಬುಕರ್ಕ್‌ನ ಕಾಲದಿಂದ ಆ ಬಂದರಿನ ಮೇಲೆ ಕಣ್ಣಿಟ್ಟಿದ್ದರೂ ಸುಟ್ಟ ಮೇಲೆ ಅಲ್ಲಿ ಕೂರಲಿಲ್ಲ. ಸುಲಿಗೆಗೂ ಕೋಟೆಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಸುಲಿಗೆಗೆ ಒಂದು ದಿನದ ಬಲ ಸಾಕು, ಕೋಟೆಗೆ ಹಿಂಬದಿಯ ನಾಡು ವರ್ಷವಿಡೀ ಸುಮ್ಮನಿರಬೇಕು. ಪೋರ್ಚುಗೀಸರು ಹೋದಲ್ಲೆಲ್ಲ ಕೋಟೆ ಕಟ್ಟುವವರೇ ಎನ್ನುವ ಇನ್ನೊಂದು ಆಕ್ಷೇಪವೂ ಇದೇ ಕಡೆ ಬೆರಳು ಮಾಡುತ್ತದೆ. ಕೊಚ್ಚಿಯಲ್ಲಿ 1503, ಕಣ್ಣೂರಿನಲ್ಲಿ 1505, ಚಾಲಿಯಂನಲ್ಲಿ 1531: ಸಣ್ಣ ಅರಸರು ಒಬ್ಬರಿಗೊಬ್ಬರು ಎದುರಾಗಿದ್ದ ಮಲಬಾರಿನಲ್ಲಿ ಕೋಟೆಗಳು ಬೇಗ ಎದ್ದವು. ಕಟ್ಟುವ ಚಟವೇ ಕಾರಣವಾಗಿದ್ದರೆ ಗೋವೆಗೆ ಇನ್ನೂ ಹತ್ತಿರದ, ಅದಕ್ಕೆ ಅಕ್ಕಿ ಕೊಡುತ್ತಿದ್ದ ಹೊನ್ನಾವರ ಬಸರೂರುಗಳನ್ನು ಬಿಟ್ಟದ್ದೇಕೆ?

1565ರ ಜನವರಿಯಲ್ಲಿ ತಾಳಿಕೋಟೆಯ ಕದನವಾಯಿತು, ಹಂಪಿ ಬರಿದಾಯಿತು. ಎರಡು ವರ್ಷದ ಮೇಲೆ ಅಲ್ಲಿಗೆ ಬಂದು ಏಳು ತಿಂಗಳು ಇದ್ದ ವೆನಿಸ್ಸಿನ ವ್ಯಾಪಾರಿ ಸೆಸಾರೆ ಫೆದೆರಿಚಿ, ರಾಮರಾಯನ ತಮ್ಮ ತಿರುಮಲರಾಯ ಕುದುರೆಗಳನ್ನು ತರಿಸಿಕೊಂಡು ವ್ಯಾಪಾರಿಗಳಿಗೆ ಹಣ ಕೊಡದೆ ಕಳಿಸಿದ್ದನ್ನೂ ಕರಾವಳಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕಾಟವನ್ನೂ ಬರೆದಿದ್ದಾನೆ. ಕುದುರೆ, ಮಖಮಲ್ಲು, ಪಟ್ಟೆಗಳ ವ್ಯಾಪಾರ ಮುರಿದು ಗೋವೆಯ ಸುಂಕದ ಕಟ್ಟೆ ಸೊರಗಿತೆಂದು ಚರಿತ್ರಕಾರ ದಿಯೋಗೊ ದೊ ಕೌಟೊ ಹೇಳಿದ್ದಾನೆ. ಗೆದ್ದ ಸುಲ್ತಾನರ ಲಾಭನಷ್ಟವನ್ನು ನಮ್ಮ ಪಠ್ಯಪುಸ್ತಕಗಳು ಲೆಕ್ಕ ಹಾಕುತ್ತವೆ. ಕದನದ ಹತ್ತಿರವೂ ಸುಳಿಯದ ಗೋವೆಯ ನಷ್ಟ ಹಾಗೇ ಉಳಿದುಬಿಡುತ್ತದೆ. ಇದರ ಬೆನ್ನಲ್ಲೇ, 1568ರ ಜನವರಿಯಲ್ಲಿ, ಉಳ್ಳಾಲದ ರಾಣಿಯ ಮೇಲೆ ದಂಡೆತ್ತಿ ಬಂದ ವೈಸರಾಯ್ ಅಂತಾಂವ್ ಡ ನೊರೋನ್ಯ ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ ಹೆಸರಿನ ಕೋಟೆಗೆ ಅಡಿಗಲ್ಲು ಹಾಕಿದ. ಮರುವರ್ಷ ಅವನ ಉತ್ತರಾಧಿಕಾರಿ ಲುಯಿಸ್ ಡ ಅತಾಯಿದ್ ಗೇರುಸೊಪ್ಪೆಯ ರಾಣಿಯಿಂದ ಹೊನ್ನಾವರವನ್ನೂ, ಆಮೇಲೆ ಬಸರೂರನ್ನೂ ಕಿತ್ತುಕೊಂಡ. ಅರವತ್ತು ವರ್ಷ ಆಗದ್ದು ಎರಡು ವರ್ಷದಲ್ಲಿ ಆಯಿತು.

ಇದು ಅತಾಯಿದ್‌ನ ಯುದ್ಧಪ್ರಿಯತೆಯ ಫಲವೇ ಹೊರತು ತಾಳಿಕೋಟೆಗೂ ಇದಕ್ಕೂ ಸಂಬಂಧ ಕಲ್ಪಿಸಬೇಕಿಲ್ಲ ಎಂಬ ಮಾತುಂಟು. ಅವನು ಕೈಕಟ್ಟಿ ಕೂರುವ ಆಳಲ್ಲ, ನಿಜ. ಆದರೆ ಮಂಗಳೂರಿನದು ಅವನ ಹಿಂದಿನವನ ಕೆಲಸ. ಸ್ವಭಾವ ಬೇರೆಯಾದ ಇಬ್ಬರು ಒಂದೇ ದಡದಲ್ಲಿ ಒಂದೇ ಬಗೆಯ ಹೆಜ್ಜೆ ಇಟ್ಟರೆ ಕಾರಣ ಸ್ವಭಾವಕ್ಕಿಂತ ಸಂದರ್ಭದಲ್ಲಿದೆ. ಕುದುರೆಯ ಸುಂಕ ಹೋದ ಮೇಲೆ ಗೋವೆಗೆ ಉಳಿದದ್ದು ಈ ದಡದ ಮೆಣಸು ಮತ್ತು ಅಕ್ಕಿ. ಅವನ್ನು ಒಬ್ಬ ದೊಡ್ಡ ಅರಸನೊಡನೆ ಮಾತಾಡಿ ಪಡೆಯುವ ದಾರಿ ಮುಚ್ಚಿಹೋಗಿತ್ತು. ಅಳಿವೆಗೊಂದರಂತೆ ಕೋಟೆ ಹಾಕಿ ದೋಣಿಗಳನ್ನು ತಡೆದು ಪಡೆಯುವ ದಾರಿಯೊಂದೇ ತೆರೆದಿತ್ತು. ತಡೆಯುವುದಕ್ಕೆ ಮೇಲಿನಿಂದ ಇಳಿದು ಬರುವವರೂ ಇರಲಿಲ್ಲ. ಬಸರೂರಿನ ಶೆಟ್ಟರು, ಉಳ್ಳಾಲದ ಚೌಟರು, ಗೇರುಸೊಪ್ಪೆಯ ಸಾಳುವರು ಕಾದಾಡಿದರು. ಆದರೆ ಒಬ್ಬೊಬ್ಬರಾಗಿ ಕಾದಾಡಿದರು.

ಕೋಟೆಗಳು ಹೇಗಿದ್ದವು ಎಂಬುದಕ್ಕೆ ಒಳ್ಳೆಯ ಸಾಕ್ಷಿ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ. 1623ರಲ್ಲಿ ಗೋವೆಯ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟವನು ದಾರಿಯಲ್ಲಿ ಹೊನ್ನಾವರದಲ್ಲಿ ತಂಗಿದ. ಸ್ಥಳೀಯರು ಕಟ್ಟಿದ್ದ ಕೋಟೆಯನ್ನೇ ಪೋರ್ಚುಗೀಸರು ಹಿಡಿದಿದ್ದರು. ಸುತ್ತಳತೆ ದೊಡ್ಡದು, ಗೋಡೆ ಅಷ್ಟಕ್ಕಷ್ಟೇ. ಒಳಗೆ ಸಂಸಾರಸ್ಥ ಪೋರ್ಚುಗೀಸರ ಮನೆಗಳು, ಬೀದಿ, ತೋಟ, ಬಾವಿ, ಎರಡು ಇಗರ್ಜಿ. ಅದು ಬತೇರಿಗಿಂತ ಹೆಚ್ಚಾಗಿ ಗೋಡೆಯೊಳಗಿನ ಪೇಟೆ. ಇನ್ನೂ ಬೆಲೆಯುಳ್ಳದ್ದು ಅವನು ಇಕ್ಕೇರಿಯಲ್ಲಿ ಕಂಡದ್ದು. ಅಲ್ಲಿನ ಅರಸ ವೆಂಕಟಪ್ಪ ನಾಯಕನ ಹಿರಿಯರು ವಿಜಯನಗರದ ಅಧೀನರಾಗಿದ್ದವರು, ಅದು ಬಿದ್ದ ಮೇಲೆ ಸ್ವತಂತ್ರರಾದವರು ಎಂದು ಅವನು ಸ್ಪಷ್ಟವಾಗಿ ಬರೆಯುತ್ತಾನೆ. ಪೋರ್ಚುಗೀಸರು ಕೊಂಡ ಮೆಣಸಿಗೆ ನಾಯಕನಿಗೆ ಬಾಕಿ ಉಳಿಸಿಕೊಂಡಿದ್ದರು. ಸಾಲ ಮಾಡಿದವರ ರಾಯಭಾರ ಎಷ್ಟು ಬಿಗಿಯಾಗಿರಲು ಸಾಧ್ಯವೋ ಅಷ್ಟೇ ಬಿಗಿಯಾಗಿತ್ತು. ಅಷ್ಟು ಹೊತ್ತಿಗಾಗಲೇ ತಕ್ಕಡಿ ಮತ್ತೆ ಘಟ್ಟದ ಮೇಲಕ್ಕೆ ವಾಲುತ್ತಿತ್ತು. ಸುಮಾರು 1630ರಲ್ಲಿ ಗಂಗೊಳ್ಳಿಯಲ್ಲಿ ಎದ್ದ ಕೋಟೆ ಬಲದ ಗುರುತಾಗಿರಲಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳುವ ಆತುರದ್ದಾಗಿತ್ತು.

1645ರಲ್ಲಿ ಕೆಳದಿಯ ಪಟ್ಟಕ್ಕೆ ಬಂದ ಶಿವಪ್ಪ ನಾಯಕ ಹತ್ತು ವರ್ಷದೊಳಗೆ ಬಸರೂರು, ಗಂಗೊಳ್ಳಿ, ಮಂಗಳೂರು, ಹೊನ್ನಾವರಗಳನ್ನು ಒಂದೊಂದಾಗಿ ಮುತ್ತಿ ತೆಗೆದುಕೊಂಡ. ಅದೇ ಹೊತ್ತಿನಲ್ಲಿ ಡಚ್ಚರು ಗೋವೆಯ ಹಡಗುಗಳನ್ನು ಸಿಂಹಳದಲ್ಲೂ ಮಲಬಾರಿನಲ್ಲೂ ಕಟ್ಟಿಹಾಕಿದ್ದರು. ಗೆಲುವಿನಲ್ಲಿ ಅದರ ಪಾಲನ್ನು ಅಲ್ಲಗಳೆಯುವಂತಿಲ್ಲ. ಆದರೂ ಡಚ್ಚರು ಈ ಕೋಟೆಗಳನ್ನು ಹಿಡಿಯಲಿಲ್ಲ, ಕೆಳದಿ ಹಿಡಿಯಿತು. ದೋಣಿಯಲ್ಲಿ ಬರುವ ನೆರವು ನಿಂತ ಮೇಲೆ ಅನ್ನಕ್ಕೆ ಹಿಂಬದಿಯ ನಾಡನ್ನೇ ನೆಚ್ಚಬೇಕಾದ ಕೋಟೆಗೆ, ಆ ನಾಡಿನ ಒಡೆಯನೇ ಮುತ್ತಿಗೆ ಹಾಕಿದರೆ ಬೇರೆ ಗತಿಯಿಲ್ಲ. ಆಮೇಲಿನ ಒಪ್ಪಂದಗಳಲ್ಲಿ ಪೋರ್ಚುಗೀಸರು ಪಡೆದದ್ದು ಬೇರೆಯೇ ಬಗೆಯದು. 1678ರ ಒಪ್ಪಂದದಲ್ಲಿ ಮಂಗಳೂರಿನಲ್ಲಿ ವ್ಯಾಪಾರದ ಕೋಠಿಗೆ ಅವಕಾಶವಾಯಿತು, ಅಕ್ಕಿಯ ಮಾತಾಯಿತು. ಹಳೆಯ ಕೋಟೆಗಳು ಕೈಗೆ ಬರಲಿಲ್ಲ. ಕಾಸರಗೋಡಿನ ದಕ್ಷಿಣದಲ್ಲಿ, ಶಿವಪ್ಪ ನಾಯಕನ ಕಾಲದ್ದೆಂದು ಹೇಳುವ ಬೇಕಲ ಕೋಟೆ ಸುಮಾರು 40 ಎಕರೆಯಲ್ಲಿ ಇಂದೂ ನಿಂತಿದೆ. ಕಡಲಿಗೆ ಮುಖ ಮಾಡಿ ಕೋಟೆ ಕಟ್ಟುವ ಕೆಲಸ ಅಷ್ಟರಲ್ಲಿ ಒಳನಾಡಿನ ಅರಸರದಾಗಿತ್ತು.

ಇಂದಿನ ಹಾಳಿಗೆ ಮಳೆಯನ್ನೂ ಉಪ್ಪುಗಾಳಿಯನ್ನೂ ದೂರುವುದು ಸುಲಭ. ಇಲ್ಲಿನ ಗೋಡೆಗಳೆಲ್ಲ ಚಿರೆಕಲ್ಲಿನವು. ನೆಲದಿಂದ ಮೆತ್ತಗೆ ಕಡಿದು ತೆಗೆದದ್ದು ಗಾಳಿಗೆ ಗಟ್ಟಿಯಾಗುತ್ತದೆ, ಗಾರೆ ಉದುರಿದ ಮೇಲೆ ಮತ್ತೆ ಸವೆಯತೊಡಗುತ್ತದೆ. ಆದರೆ ಬೇಕಲವೂ ಅದೇ ಕಲ್ಲಿನದು, ಅದೇ ಮಳೆಗೆ ನೆನೆದದ್ದು. ವ್ಯತ್ಯಾಸ ಮಾಡಿದ್ದು ಮನುಷ್ಯರ ಕೈ. ಮಂಗಳೂರು, ಹೊನ್ನಾವರಗಳ ನೆಲೆಗಳು ಕೆಳದಿಯಿಂದ 1763ರಲ್ಲಿ ಮೈಸೂರಿನ ಹೈದರನಿಗೆ ಬಂದವು. 1783ರಲ್ಲಿ ಇಂಗ್ಲಿಷರು ಹೊನ್ನಾವರವನ್ನು ಹಿಡಿದರು. ಕ್ಯಾಪ್ಟನ್ ಟೊರಿಯಾನೊ ಅದನ್ನು ಮೈಸೂರಿನ ಮುತ್ತಿಗೆಯ ಎದುರು ಉಳಿಸಿಕೊಂಡ. 1784ರ ಮಾರ್ಚಿನ ಮಂಗಳೂರು ಒಪ್ಪಂದದಂತೆ ಅದು ಹೈದರನ ಮಗ ಟಿಪ್ಪುವಿಗೆ ಮರಳಿತು. ಹಡಗಿನಲ್ಲಿ ಬಂದ ಶತ್ರು ಮತ್ತೆ ದಡದ ಕೋಟೆಗಳೊಳಗೆ ಕೂರಬಾರದೆಂದು ಟಿಪ್ಪು ಮಂಗಳೂರಿನ ಕೋಟೆಯನ್ನು ಕೆಡವಿಸಿದ. 1801ರಲ್ಲಿ ಈ ದಾರಿಯಲ್ಲಿ ಹಾದ ಪ್ರವಾಸಿ ಬುಕಾನನ್, ಹೊನ್ನಾವರವೂ ಟಿಪ್ಪುವಿನ ಕೈಯಲ್ಲಿ ಪೂರ್ತಿ ನೆಲಸಮವಾದದ್ದನ್ನು ಬರೆದಿದ್ದಾನೆ. ಸ್ವಂತ ಹಡಗುಪಡೆ ಸಾಲದ ಒಳನಾಡಿನ ಅರಸನಿಗೆ ದಡದ ಕೋಟೆಯೆಂದರೆ ಶತ್ರುವಿಗೆ ಸಿದ್ಧಪಡಿಸಿಟ್ಟ ಬಿಡಾರ ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಅಂಜದೀವದ ಕತೆ ಮಾತ್ರ ಇಷ್ಟಕ್ಕೆ ಮುಗಿಯುವುದಿಲ್ಲ. ಮುಂಬೈಯನ್ನು ಪೋರ್ಚುಗಲ್ಲಿನ ರಾಜಕುಮಾರಿಯ ಮದುವೆಯ ಬಳುವಳಿಯಾಗಿ ಪಡೆಯಲು 1662ರಲ್ಲಿ ಬಂದ ಇಂಗ್ಲಿಷ್ ಪಡೆಗೆ ಅಲ್ಲಿನ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ನೂರಾರು ಸೈನಿಕರು ಈ ದ್ವೀಪದಲ್ಲಿ ಬೀಡುಬಿಟ್ಟು ರೋಗದಿಂದ ಸತ್ತರು, ಅವರ ನಾಯಕ ಅಬ್ರಹಾಂ ಶಿಪ್‌ಮನ್ನನೂ ಸತ್ತ, 1665ರಲ್ಲಿ ಮುಂಬೈ ಸೇರಿದವರು ಸುಮಾರು ನೂರು ಮಂದಿ. 1682ರಲ್ಲಿ ಮರಾಠರ ಸಂಭಾಜಿ ದ್ವೀಪದ ಮೇಲೆ ಕಣ್ಣಿಟ್ಟನೆಂದು ತಿಳಿದು ಪೋರ್ಚುಗೀಸರು ಮತ್ತೆ ಅಲ್ಲಿ ಕೋಟೆ ಕಟ್ಟಿದರು. ಈ ಎರಡನೆಯ ಕೋಟೆ ಅವರ ಕೈಯಲ್ಲಿ 279 ವರ್ಷ ಉಳಿಯಿತು. ದಡದ ಕೋಟೆಗಳಿಗೆ ಅನ್ವಯಿಸುವ ಲೆಕ್ಕ ಇದಕ್ಕೆ ಅನ್ವಯಿಸದಿರುವುದಕ್ಕೆ ಕಾರಣ ಸರಳ: ಅಲ್ಲಿ ಹಿಡಿಯಲು ವ್ಯಾಪಾರವಿರಲಿಲ್ಲ, ಸುಂಕವಿರಲಿಲ್ಲ, ಕೆಳದಿಗಾಗಲಿ ಮೈಸೂರಿಗಾಗಲಿ ಅದಕ್ಕಾಗಿ ದೋಣಿ ಖರ್ಚು ಮಾಡುವ ಅಗತ್ಯ ಕಾಣಲಿಲ್ಲ. 1961ರ ನವೆಂಬರಿನಲ್ಲಿ ದ್ವೀಪದಿಂದ ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು. ಡಿಸೆಂಬರ್ 18ರಂದು ಭಾರತದ ನೌಕಾಪಡೆಯ ತ್ರಿಶೂಲ್ ಹಡಗಿನಿಂದ ಇಳಿದವರು, ಮೈಸೂರ್ ಹಡಗಿನ ಫಿರಂಗಿಯ ಬೆಂಬಲದೊಂದಿಗೆ, ದ್ವೀಪವನ್ನು ಗೆದ್ದುಕೊಂಡರು; ಏಳು ನಾವಿಕರು ಮಡಿದರು. ಆಡಳಿತದ ಲೆಕ್ಕದಲ್ಲಿ ಅಂಜದೀವ ಈಗಲೂ ಗೋವೆಗೆ ಸೇರಿದ್ದು. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯ ಅಲೆತಡೆ ಅದನ್ನು ಕಾರವಾರದ ದಡಕ್ಕೆ ಜೋಡಿಸಿದೆ. ಕೋಟೆಯ ಅವಶೇಷಗಳೂ ಬ್ರೋತಸ್ ಮಾತೆಯ ಇಗರ್ಜಿಯೂ ನೌಕಾಪಡೆಯ ವಶದಲ್ಲಿವೆ.